ಏರಿದ್ದು ನೀರೋ, ನೆಲವೋ?

ಎವರೆಸ್ಟ್ ಶಿಖರದ ತುದಿ ಸಮುದ್ರಮಟ್ಟದಿಂದ 8,848.86 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಸುಣ್ಣಕಲ್ಲಿನಲ್ಲಿ ಕಡಲ ಜೀವಿಗಳ ಚೂರುಗಳಿವೆ. ಬೆಂಗಳೂರಿನ ರಾಜಾಜಿನಗರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಎಷ್ಟು ಆಳ ಅಗೆದರೂ ನೆಲದೊಳಗಿಂದ ಕಡಲಿನ ಒಂದು ಚಿಪ್ಪೂ ಬರುವುದಿಲ್ಲ. ಬೆಟ್ಟದ ಮೇಲಿನ ಚಿಪ್ಪಿಗೆಲ್ಲ ಜಗತ್ತನ್ನೇ ಮುಳುಗಿಸಿದ ಒಂದು ಜಲಪ್ರಳಯ ಕಾರಣ ಎನ್ನುವವರು ಮೊದಲು ಉತ್ತರ ಹೇಳಬೇಕಾದದ್ದು ಈ ವ್ಯತ್ಯಾಸಕ್ಕೆ. ಎವರೆಸ್ಟನ್ನು ಮುಳುಗಿಸಿದ ನೀರು ರಾಜಾಜಿನಗರವನ್ನು ಒಣಗಲು ಬಿಟ್ಟಿರಲಾರದು.

ವಾದ ಹೊಸದಲ್ಲ. ಆದರೆ ಮೊಬೈಲಿನ ಕಾಲದಲ್ಲಿ ಅದಕ್ಕೆ ಮರುಜೀವ ಬಂದಿದೆ. ಯೂಟ್ಯೂಬ್ ಪ್ರವಚನಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಹಿಮಾಲಯದ ಚಿಪ್ಪಿನ ಚಿತ್ರದೊಂದಿಗೆ ‘ವಿಜ್ಞಾನಿಗಳು ಮುಚ್ಚಿಟ್ಟ ಸತ್ಯ’ ಎಂಬ ತಲೆಬರಹ ಹೊತ್ತು ಅದು ಓಡಾಡುತ್ತದೆ. ಮುಚ್ಚಿಟ್ಟದ್ದು ಏನೂ ಇಲ್ಲ. ಆ ಚಿಪ್ಪು ಕಡಲಿನದೇ ಎಂಬುದರಲ್ಲಿ ಭೂವಿಜ್ಞಾನಕ್ಕೂ ಸೃಷ್ಟಿವಾದಕ್ಕೂ ಜಗಳವಿಲ್ಲ. ಜಗಳವಿರುವುದು ನೀರು ಬೆಟ್ಟಕ್ಕೆ ಏರಿತೇ, ಅಥವಾ ಕಡಲ ತಳವೇ ಬೆಟ್ಟವಾಗಿ ಎದ್ದಿತೇ ಎಂಬುದರಲ್ಲಿ. ಈ ಒಂದು ಪ್ರಶ್ನೆಯ ಸುತ್ತ ಐದು ಶತಮಾನಗಳಲ್ಲಿ ನಡೆದಿರುವ ವಾದವನ್ನು ಪಶ್ಚಿಮ ಬೆಂಗಳೂರಿನ ಬಂಡೆಯ ಮೇಲೆ ನಿಂತು ಪರಿಶೀಲಿಸಬಹುದು.

ವಾದ ಬೆಳೆದ ದಾರಿ

ಪ್ರಳಯದ ವಿವರಣೆಯನ್ನು ಮೊದಲು ಅನುಮಾನಿಸಿದವರು ಧರ್ಮವಿರೋಧಿಗಳಲ್ಲ. ಲಿಯೊನಾರ್ಡೊ ಡ ವಿಂಚಿ ಇಟಲಿಯ ಬೆಟ್ಟಗಳಲ್ಲಿ ಕಂಡ ಚಿಪ್ಪುಗಳ ಬಗ್ಗೆ ತನ್ನ ಟಿಪ್ಪಣಿಗಳಲ್ಲಿ ಲೆಕ್ಕ ಹಾಕಿದ. ಚಿಪ್ಪಿನ ಹುಳು ಒಂದು ದಿನಕ್ಕೆ ತೆವಳುವುದು ಕೆಲವೇ ಮೊಳ. ಬೈಬಲಿನ ಪ್ರಳಯದ ನಲವತ್ತು ದಿನಗಳ ಮಳೆಯಲ್ಲಿ ಅದು ಕಡಲಿನಿಂದ ಅಷ್ಟು ದೂರ ಬರುವುದು ಹೇಗೆ? ಅಲೆ ಹೊತ್ತು ತಂದಿದ್ದರೆ ಸತ್ತ ಚಿಪ್ಪುಗಳು ಚೆಲ್ಲಾಪಿಲ್ಲಿಯಾಗಿ ಬೀಳಬೇಕಿತ್ತು. ಆದರೆ ಎಷ್ಟೋ ಚಿಪ್ಪುಗಳು ಎರಡೂ ಹೋಳು ಕೂಡಿಕೊಂಡು, ಬದುಕಿದ್ದಲ್ಲಿಯೇ ಹೂತುಹೋದಂತೆ ಇದ್ದವು.

1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ, ನೋಹನ ಪ್ರಳಯ ಕ್ರಿ.ಪೂ. 2348ರಲ್ಲಿ ಎಂದು ಬರೆದರು. 1669ರಲ್ಲಿ ನಿಕೊಲಸ್ ಸ್ಟೆನೊ ಶಿಲಾಪದರಗಳ ಮೂಲ ನಿಯಮ ಕೊಟ್ಟ: ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು, ಪದರ ವಾಲಿದ್ದರೆ ಅದು ಗಟ್ಟಿಯಾದ ಮೇಲೆ ವಾಲಿದ್ದು. ಈತ ಮುಂದೆ ಬಿಷಪ್ ಆದ. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಜೇಮ್ಸ್ ಹಟ್ಟನ್ ಲಂಬವಾಗಿ ನಿಂತ ಪದರಗಳ ತಲೆ ಸವೆದು, ಅದರ ಮೇಲೆ ಬೇರೊಂದು ಪದರಗಳ ಸಾಲು ಮಲಗಿದ್ದನ್ನು ತೋರಿಸಿದ. ಒಂದು ಕಡಲ ತಳ ಕಲ್ಲಾಗಿ, ಮಡಿಚಿ ಎದ್ದು, ಸವೆದು, ಮತ್ತೆ ಮುಳುಗಿ, ಮತ್ತೊಮ್ಮೆ ಎದ್ದಿದ್ದರೆ ಮಾತ್ರ ಅಂಥ ದೃಶ್ಯ ಸಾಧ್ಯ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೂ ಪ್ರಳಯವನ್ನು ನಂಬಿದ ಸಮರ್ಥ ಭೂವಿಜ್ಞಾನಿಗಳಿದ್ದರು. ಆಕ್ಸ್‌ಫರ್ಡ್‌ನ ವಿಲಿಯಂ ಬಕ್ಲೆಂಡ್, ಕೇಂಬ್ರಿಜ್‌ನ ಆಡಂ ಸೆಜ್‌ವಿಕ್ ಇಬ್ಬರೂ ಪಾದ್ರಿಗಳೇ. ಪ್ರಳಯದ ಪದರ ಎಂದು ತಾವು ಗುರುತಿಸಿದ್ದ ಜಲ್ಲಿ-ಮಣ್ಣು ಎಲ್ಲೆಡೆ ಒಂದೇ ಕಾಲದ್ದಲ್ಲ ಎಂದು ಗೊತ್ತಾದಾಗ ಸೆಜ್‌ವಿಕ್ 1831ರಲ್ಲಿ ಲಂಡನ್ ಭೂವೈಜ್ಞಾನಿಕ ಸಂಘದ ಅಧ್ಯಕ್ಷಪೀಠದಿಂದಲೇ ತನ್ನ ಹಿಂದಿನ ನಿಲುವನ್ನು ಹಿಂತೆಗೆದುಕೊಂಡ. ಡಾರ್ವಿನ್ನನ ಗ್ರಂಥ ಬರಲು ಆಗಿನ್ನೂ 28 ವರ್ಷ ಬಾಕಿಯಿತ್ತು. ವಿಕಾಸವಾದವನ್ನು ಉಳಿಸಲೆಂದೇ ಭೂಮಿಗೆ ಕೋಟಿಗಟ್ಟಲೆ ವರ್ಷ ಕಟ್ಟಿಕೊಟ್ಟರು ಎಂಬ ಆರೋಪ ಇಲ್ಲಿಗೇ ಬಿದ್ದುಹೋಗುತ್ತದೆ.

ಇಂದು ಕೇಳಿಬರುವ ‘ಪ್ರಳಯ ಭೂವಿಜ್ಞಾನ’ ಇಪ್ಪತ್ತನೆಯ ಶತಮಾನದ ಅಮೆರಿಕದ ಕೂಸು. ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್ರೆಡಿ ಪ್ರೈಸ್ 1923ರಲ್ಲಿ ಅದಕ್ಕೊಂದು ಪಠ್ಯಪುಸ್ತಕ ಬರೆದ. 1961ರಲ್ಲಿ ಜಾನ್ ವಿಟ್‌ಕೂಂಬ್ ಮತ್ತು ಹೆನ್ರಿ ಮಾರಿಸ್ ‘ದಿ ಜೆನೆಸಿಸ್ ಫ್ಲಡ್’ ಪ್ರಕಟಿಸಿದ ಮೇಲೆ ಅದು ಚಳವಳಿಯಾಯಿತು. ಭೂಮಿಯ ಬಹುಪಾಲು ಪದರಗಳೂ ಪಳೆಯುಳಿಕೆಗಳೂ ಒಂದೇ ವರ್ಷದ ಪ್ರಳಯದಲ್ಲಿ ಉಂಟಾದವು, ಬೆಟ್ಟಗಳು ಅದರ ಕೊನೆಯಲ್ಲಿ ಎದ್ದವು ಎಂಬುದು ಅದರ ಸಾರ.

ನಮ್ಮಲ್ಲಿನ ಪ್ರಳಯ, ನಮ್ಮಲ್ಲಿನ ಶಿಲೆ

ಪ್ರಳಯದ ಕತೆ ನಮಗೂ ಹೊಸದಲ್ಲ. ಶತಪಥ ಬ್ರಾಹ್ಮಣದಲ್ಲಿ ಮೀನು ಮನುವನ್ನು ಎಚ್ಚರಿಸುತ್ತದೆ. ಅವನ ದೋಣಿಯನ್ನು ಉತ್ತರದ ಗಿರಿಗೆ ಎಳೆದೊಯ್ಯುತ್ತದೆ. ಕರಾವಳಿಯಲ್ಲಿ ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ. ಈ ಕತೆಗಳು ಶಿಲಾಪದರಗಳ ಬಗ್ಗೆ ಏನನ್ನೂ ಸಾಧಿಸಲು ಹೊರಟವಲ್ಲ. ಅವುಗಳನ್ನು ಸಾಕ್ಷ್ಯದ ಕಟಕಟೆಗೆ ಹತ್ತಿಸಿದವರು ನಾವು.

ನಮ್ಮ ಪುರಾಣಗಳ ಕಾಲಗಣನೆಗೆ ಅಷರನ ಇಕ್ಕಟ್ಟು ಇಲ್ಲ. ಒಂದು ಕಲ್ಪ ಎಂದರೆ 432 ಕೋಟಿ ವರ್ಷ. ಭೂಮಿಗೆ ವಿಜ್ಞಾನ ಕೊಡುವ ವಯಸ್ಸು ಸುಮಾರು 454 ಕೋಟಿ. ಎರಡೂ ಹತ್ತಿರವಿವೆ ಎಂದು ಬೀಗುವುದುಂಟು. ಆದರೆ ಕಲ್ಪದ ಸಂಖ್ಯೆ ಯಾವ ಬೆಟ್ಟದಲ್ಲಿ ಯಾವ ಪದರ ಸಿಗುತ್ತದೆ ಎಂದು ಹೇಳುವುದಿಲ್ಲ. 454 ಕೋಟಿಯ ಸಂಖ್ಯೆ ಉಲ್ಕಾಶಿಲೆಗಳ ಸೀಸದ ಐಸೊಟೋಪುಗಳನ್ನು ಅಳೆದು ಬಂದದ್ದು. ತಪ್ಪಾಗಿದ್ದರೆ ತಪ್ಪೆಂದು ತೋರಿಸುವ ದಾರಿ ಅದಕ್ಕಿದೆ.

ಭಾರತೀಯ ಬಣ್ಣದ ಸೃಷ್ಟಿವಾದವೂ ಇದೆ. ಇಸ್ಕಾನ್ ಜೊತೆ ಸಂಬಂಧವಿರುವ ಭಕ್ತಿವೇದಾಂತ ಇನ್‌ಸ್ಟಿಟ್ಯೂಟ್ 1993ರಲ್ಲಿ ಮೈಕೆಲ್ ಕ್ರೆಮೊ ಮತ್ತು ರಿಚರ್ಡ್ ಥಾಂಪ್ಸನ್ ಬರೆದ ‘ಫಾರ್ಬಿಡನ್ ಆರ್ಕಿಯಾಲಜಿ’ಯನ್ನು ಪ್ರಕಟಿಸಿತು. ಇಲ್ಲಿ ವಾದ ತಲೆಕೆಳಗು: ಭೂಮಿ ಹಳೆಯದೇ, ಆದರೆ ಮನುಷ್ಯನೂ ಕೋಟ್ಯಂತರ ವರ್ಷಗಳಿಂದ ಇದ್ದಾನೆ ಎಂಬುದು. ಆಧಾರವಾಗಿ ಕೊಡುವುದು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಬಿಡಿ ವರದಿಗಳನ್ನು, ಯಾವ ಪದರದಿಂದ ತೆಗೆದದ್ದು ಎಂದು ಮತ್ತೆ ಪರೀಕ್ಷಿಸಲಾಗದ ವಸ್ತುಗಳನ್ನು. ರಾಜಾಜಿನಗರದ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಹರೇಕೃಷ್ಣ ಗಿರಿಗೆ ಹೋಗುವ ಭಕ್ತರಲ್ಲಿ ಬಹುತೇಕರು ಈ ಪುಸ್ತಕದ ಹೆಸರನ್ನೂ ಕೇಳಿರಲಾರರು. ಅವರ ಭಕ್ತಿಗೆ ಅದು ಬೇಕಾಗಿಯೂ ಇಲ್ಲ. ಆ ದೇವಾಲಯ ನಿಂತಿರುವ ಬಂಡೆಯ ಇತಿಹಾಸ ಮಾತ್ರ ಪುಸ್ತಕಕ್ಕಿಂತ ರೋಚಕವಾದದ್ದು. ಅದನ್ನು ಮುಂದೆ ನೋಡೋಣ.

ಇನ್ನು ಶಾಲಿಗ್ರಾಮ. ರಾಜಾಜಿನಗರ, ಬಸವೇಶ್ವರನಗರದ ಮಾಧ್ವ, ಶ್ರೀವೈಷ್ಣವ ಮನೆಗಳ ದೇವರಕೋಣೆಯಲ್ಲಿ ಅದಿಲ್ಲದ ಪೂಜೆ ಅಪೂರ್ವ. ನೇಪಾಳದ ಗಂಡಕಿ ನದಿಯಿಂದ ಬರುವ ಈ ಕಪ್ಪು ಗುಂಡುಗಳೊಳಗಿನ ಚಕ್ರ ಅಮೊನೈಟ್ ಎಂಬ ಕಡಲ ಜೀವಿಯ ಸುರುಳಿ. ಸುಮಾರು 15 ಕೋಟಿ ವರ್ಷಗಳ ಹಿಂದಿನ ಜುರಾಸಿಕ್ ಕಡಲ ಕೆಸರು ಕಲ್ಲಾಗಿ, ಹಿಮಾಲಯದಲ್ಲಿ ಎದ್ದು, ನದಿ ಅದನ್ನು ಕೊರೆದು ಉರುಳಿಸಿ ತಂದದ್ದು. ವಜ್ರಕೀಟವೊಂದು ಕಲ್ಲಿನೊಳಗೆ ಚಕ್ರ ಕೊರೆಯಿತು ಎಂದು ಸಂಪ್ರದಾಯ ಹೇಳುತ್ತದೆ. ಆ ಚಕ್ರಕ್ಕೊಂದು ಜೀವಿ ಕಾರಣ ಎಂಬಷ್ಟನ್ನು ನಮ್ಮ ಹಿರಿಯರು ಗಮನಿಸಿದ್ದರು. ಅದು ಅಮೊನೈಟ್ ಎಂದು ತಿಳಿದ ಮೇಲೂ ಶಾಲಿಗ್ರಾಮ ಪೂಜೆ ನಿಂತಿಲ್ಲ. ನಿಲ್ಲಬೇಕಾದ ಕಾರಣವೂ ಇಲ್ಲ.

ಬೋರ್‌ವೆಲ್ ಹೇಳುವ ಸಾಕ್ಷ್ಯ

ಪಶ್ಚಿಮ ಬೆಂಗಳೂರಿನಲ್ಲಿ ಭೂವಿಜ್ಞಾನ ಕಲಿಯಲು ಕಾಲೇಜಿಗೇ ಹೋಗಬೇಕಿಲ್ಲ. ವಿಜಯನಗರದಲ್ಲೋ ಕೆಂಗೇರಿ ಉಪನಗರದಲ್ಲೋ ಬೋರ್‌ವೆಲ್ ಲಾರಿ ನಿಂತಾಗ ಪಕ್ಕದಲ್ಲಿ ನಿಂತರೆ ಸಾಕು. ಮೊದಲು ಕೆಮ್ಮಣ್ಣು ಬರುತ್ತದೆ. ಆಮೇಲೆ ಬಣ್ಣ ತಿಳಿಯಾಗಿ, ಅಭ್ರಕದ ಮಿನುಗಿರುವ ಪುಡಿಪುಡಿ ಮಣ್ಣು. ಕೇಸಿಂಗ್ ಪೈಪು ಇಳಿಸುವುದು ಇಲ್ಲಿಯವರೆಗೆ. ನಂತರ ಗಟ್ಟಿ ಬಂಡೆ, ಬೂದು-ಬಿಳಿ ಪುಡಿ. ಸಾವಿರ ಅಡಿ ಹೋದರೂ ಅದೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೇಲಿನ ಮಣ್ಣು ಬೇರೆಡೆಯಿಂದ ನೀರು ತಂದು ಸುರಿದದ್ದಲ್ಲ. ಕೆಳಗಿನ ಬಂಡೆಯೇ ಮಳೆಗೆ, ಬಿಸಿಲಿಗೆ, ಬೇರಿಗೆ ಸಿಕ್ಕಿ ನಿಂತಲ್ಲೇ ಕೊಳೆತು ಮಣ್ಣಾದದ್ದು. ಪಾಯ ತೋಡಿದ ಗುಂಡಿಯ ಗೋಡೆಯಲ್ಲಿ ಬಂಡೆಯ ಕಪ್ಪು-ಬಿಳಿ ಪಟ್ಟೆಗಳು ಮಣ್ಣಿನೊಳಕ್ಕೂ ಹಾಗೇ ಮುಂದುವರಿದಿರುವುದನ್ನು ಕಣ್ಣಾರೆ ಕಾಣಬಹುದು. ಪ್ರಳಯ ತಂದು ಹಾಕಿದ ಹೂಳಿಗೆ ಮಣ್ಣು ಮತ್ತು ಬಂಡೆಯ ನಡುವೆ ಜಾಗವೇ ಇಲ್ಲ.

ಬಂಡೆಯೊಳಗೆ ಪಳೆಯುಳಿಕೆ ಇಲ್ಲ ಎಂಬುದೇ ಪ್ರಳಯದ ವಿರುದ್ಧ ಸಾಕ್ಷಿಯಲ್ಲ. ಭೂಮಿಯಾಳದ ಕಾವಿನಲ್ಲಿ ರೂಪುಗೊಂಡ ಕಲ್ಲಿನಲ್ಲಿ ಪಳೆಯುಳಿಕೆ ಉಳಿಯುವುದಿಲ್ಲ. ಸಾಕ್ಷಿಯಾಗುವುದು ಬಂಡೆಯ ಮೇಲಿನ ಖಾಲಿತನ. ಪ್ರಳಯದ ಹೂಳು ಆಮೇಲೆ ತೊಳೆದುಹೋಯಿತು ಎಂದು ಪ್ರಳಯವಾದಿಗಳು ಹೇಳಬಹುದು. ಹಾಗಾದರೆ ನಾಲ್ಕು ಸಾವಿರ ಚಿಲ್ಲರೆ ವರ್ಷಗಳಲ್ಲಿ ಇಡೀ ಮೈಸೂರು ಪ್ರಸ್ಥಭೂಮಿಯಿಂದ ಕಲ್ಲಾಗಿದ್ದ ಹೂಳೆಲ್ಲ ಒಂದು ಸಂದುಗೊಂದಿನಲ್ಲೂ ಉಳಿಯದಂತೆ ತೊಳೆದುಹೋಗಬೇಕು. ಅದಾದ ಮೇಲೆ ಬಂಡೆ ಹತ್ತಾರು ಅಡಿ ಆಳಕ್ಕೆ ಕೊಳೆತು ಮಣ್ಣೂ ಆಗಬೇಕು. ಬೇಲೂರು, ಹಳೇಬೀಡುಗಳ ಕೆತ್ತನೆ ಒಂಬೈನೂರು ವರ್ಷದ ಮಳೆಗೆ ಎಷ್ಟು ಸವೆದಿದೆ ಎಂದು ನೋಡಿದವರಿಗೆ ಈ ಲೆಕ್ಕ ಒಪ್ಪಿಗೆಯಾಗದು.

ಈ ಬಂಡೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. 1894ರಲ್ಲಿ ಹುಟ್ಟಿದ ಆ ಇಲಾಖೆಯ ಮೊದಲ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಹರೇಕೃಷ್ಣ ಗಿರಿ, ಆಂಜನೇಯನ ಮೂರ್ತಿ ಕಡೆದಿರುವ ಮಹಾಲಕ್ಷ್ಮಿ ಬಡಾವಣೆಯ ಬಂಡೆ, ಕೆಂಗೇರಿ ದಿಕ್ಕಿನ ತುರಹಳ್ಳಿ ಗುಡ್ಡ ಎಲ್ಲವೂ ಇದೇ ಪ್ರಾಚೀನ ಶಿಲಾಕುಟುಂಬಕ್ಕೆ ಸೇರಿದವು.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ಕತೆ ಮುಂದುವರಿಯುತ್ತದೆ. ರಾಮನಗರದ ಗುಡ್ಡಗಳು ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಕರಗಿದ ಶಿಲೆಯಾಗಿ ನೈಸ್ ಅನ್ನು ಸೀಳಿಕೊಂಡು ಬಂದದ್ದು. ಬೆಂಗಳೂರು ಸುತ್ತಿನ ಕಪ್ಪುಕಲ್ಲಿನ ಡೈಕುಗಳು (ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಶಿಲಾಪಟ್ಟಿಗಳು) ಇವೆರಡನ್ನೂ ಕತ್ತರಿಸಿ ಸಾಗುತ್ತವೆ. ಅವುಗಳಲ್ಲಿ ಮುಖ್ಯ ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷ. ಹೊಸ ಕಲ್ಲು ಸೀಳುವುದು ಮೊದಲೇ ಇದ್ದ ಗಟ್ಟಿ ಕಲ್ಲನ್ನು. ಆದ್ದರಿಂದ ಯಾವುದು ಹಳೆಯದು, ಯಾವುದು ಹೊಸದು ಎಂದು ಕಣ್ಣಿಗೇ ಗೊತ್ತಾಗುತ್ತದೆ. ಯುರೇನಿಯಂ-ಸೀಸದ ಅಳತೆ ಕೊಡುವ ವಯಸ್ಸು ಕಣ್ಣಿಗೆ ಕಂಡ ಈ ಸಾಲಿಗೆ ಸರಿಯಾಗಿ ಹೊಂದುತ್ತದೆ. ಕಬ್ಬಾಳದುರ್ಗದಲ್ಲಿ ಸಿ.ಎಸ್. ಪಿಚ್ಚಮುತ್ತು ನೈಸ್ ಶಿಲೆ ಚಾರ್ನಕೈಟ್ ಆಗಿ ಬದಲಾಗುತ್ತಿದ್ದ ಘಳಿಗೆಯನ್ನೇ ಕಲ್ಲಿನಲ್ಲಿ ಗುರುತಿಸಿ, 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂಥ ಬದಲಾವಣೆಗೆ ಹತ್ತಾರು ಕಿಲೋಮೀಟರ್ ಆಳದ ಒತ್ತಡ, ಕಾವು ಬೇಕು. ಆ ಆಳದ ಕಲ್ಲು ಇಂದು ಬಿಸಿಲಿಗೆ ಬಿದ್ದಿದೆ ಎಂದರೆ ಅದರ ಮೇಲಿದ್ದ ಅಷ್ಟೂ ದಪ್ಪದ ನೆಲ ಸವೆದುಹೋಗಿದೆ.

ಮನೆಯ ನೆಲಹಾಸಿನಲ್ಲಿ ಕಡಲು

ಹಾಗೆಂದು ಕರ್ನಾಟಕಕ್ಕೆ ಕಡಲು ಬಂದೇ ಇಲ್ಲವೆಂದಲ್ಲ. ರಾಜಾಜಿನಗರದ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕಲಬುರಗಿ ಸೀಮೆಯ ಪ್ರಾಚೀನ ಕಡಲ ತಳದ ಸುಣ್ಣಕೆಸರು. ಅಡುಗೆಮನೆಯ ಕಡಪ ಕಲ್ಲೂ ಸುಣ್ಣಕಲ್ಲೇ. ಇವುಗಳಲ್ಲಿ ಶಂಖವಿಲ್ಲ, ಕಪ್ಪೆಚಿಪ್ಪಿಲ್ಲ, ಮೀನಿನ ಮುಳ್ಳಿಲ್ಲ. ಸುಮಾರು 54 ಕೋಟಿ ವರ್ಷಗಳ ಹಿಂದೆ ಚಿಪ್ಪುಳ್ಳ ಪ್ರಾಣಿಗಳು ವ್ಯಾಪಕವಾಗುವ ಮುನ್ನವೇ ಈ ಕಡಲುಗಳು ಬತ್ತಿದ್ದವು. ಭೀಮಾ ಕಣಿವೆಯ ಜೇಡುಗಲ್ಲಿನಲ್ಲಿ ಸಿಗುವುದು ಕಾಳಿನಂಥ ಕಪ್ಪು ಇಂಗಾಲದ ಗುರುತುಗಳು, ಸೂಕ್ಷ್ಮಜೀವಿಗಳು. ಎಲ್ಲ ಜೀವಿಗಳೂ ಒಂದೇ ವರ್ಷದಲ್ಲಿ ಕೊಚ್ಚಿ ಹೂತಿದ್ದರೆ ಇಷ್ಟು ದೊಡ್ಡ ಕಡಲ ತಳದಲ್ಲಿ ಒಂದು ಏಡಿಯಾದರೂ ಸಿಗಬೇಕಿತ್ತು.

ಇನ್ನೂ ಹಿಂದೆ ಹೋದರೆ ಶಿವಮೊಗ್ಗ ಜಿಲ್ಲೆಯ ಕುಂಸಿ ಬಳಿ, ಚಿತ್ರದುರ್ಗ ಪಟ್ಟಿಯಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಬಿಸಿಲು ಬೀಳುವ ತೆಳುನೀರಿನಲ್ಲಿ ಸೂಕ್ಷ್ಮಜೀವಿಗಳ ಪಾಚಿಚಾಪೆ ಪದರದ ಮೇಲೆ ಪದರವಾಗಿ ಬೆಳೆದು ಕಲ್ಲಾದ ಕುರುಹುಗಳು ಅವು. 250 ಕೋಟಿ ವರ್ಷಕ್ಕೂ ಹಳೆಯವು. ಅಬ್ಬರಿಸುವ ಕೆಸರುನೀರಿನ ತಳದಲ್ಲಿ ಪಾಚಿ ಹೀಗೆ ಬೆಳೆಯದು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದಂಥ ಲಾವಾ ಇದೆ. ಲಾವಾ ನೀರೊಳಗೆ ಉಕ್ಕಿದರಷ್ಟೇ ಆ ಆಕಾರ. ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದ ಗುಂಡುಕಲ್ಲಿನ ಪದರದಲ್ಲಿ ನೈಸ್‌ನ ಉರುಟು ಚೂರುಗಳಿವೆ. ನೈಸ್ ಆಳದಲ್ಲಿ ರೂಪುಗೊಂಡು, ಮೇಲೆದ್ದು, ಒಡೆದು, ಹೊಳೆಯಲ್ಲಿ ಉರುಳಿ ನುಣುಪಾಗಿ, ಮತ್ತೆ ಹೂತು ಕಲ್ಲಾಯಿತು ಎಂಬುದನ್ನು ಅವು ಹೇಳುತ್ತವೆ.

ಪ್ರಳಯವಾದಕ್ಕೆ ಅತಿ ಕಠಿಣವಾದ ಕನ್ನಡ ನೆಲದ ಪ್ರಶ್ನೆ ಗುರುಮಠಕಲ್ ಸುತ್ತ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾ ಅಲೆ ಅಲೆಯಾಗಿ ಹರಿಯಿತು. ಇಲ್ಲಿ ಲಾವಾ ಪದರಗಳ ನಡುವೆ ತೆಳುವಾದ ಕೆರೆ ಹೂಳು ಸಿಕ್ಕಿಕೊಂಡಿದೆ. ಅದರಲ್ಲಿ ಸಿಹಿನೀರಿನ ಆಸ್ಟ್ರಕೋಡ್ ಎಂಬ ಪುಟ್ಟ ಜೀವಿಗಳ ಕವಚಗಳಿವೆ. ಲಾವಾ ಹರಿದು, ತಣಿದು, ತಗ್ಗಿನಲ್ಲಿ ನೀರು ನಿಂತು, ಆ ಕೆರೆಯಲ್ಲಿ ಜೀವಿಗಳು ತಲೆಮಾರುಗಟ್ಟಲೆ ಬಾಳಿ, ಹೂಳು ಸೇರಿ, ಅದರ ಮೇಲೆ ಮತ್ತೆ ಲಾವಾ ಹರಿದಿದೆ. ಜಗತ್ತೆಲ್ಲ ಉಪ್ಪುನೀರಿನಲ್ಲಿ ಮುಳುಗಿದ್ದ ಒಂದೇ ವರ್ಷದಲ್ಲಿ ಸಿಹಿನೀರಿನ ಕೆರೆಗೆ ಎಡೆಯೆಲ್ಲಿ?

ನೆಲ ಏರಿದ ಬಗೆ

ಎವರೆಸ್ಟಿನ ಮೇಲ್ಭಾಗದಲ್ಲಿ ಸುಣ್ಣಕಲ್ಲಿದೆ ಎಂದು 1924ರ ಬ್ರಿಟಿಷ್ ಆರೋಹಣದಲ್ಲಿದ್ದ ಭೂವಿಜ್ಞಾನಿ ನೋಯೆಲ್ ಒಡೆಲ್ ತಂದ ಮಾದರಿಗಳಿಂದ ತಿಳಿಯಿತು. ತುದಿಯ ಆ ಪದರ ಸುಮಾರು 45 ಕೋಟಿ ವರ್ಷ ಹಿಂದಿನ ಆರ್ಡೊವಿಷಿಯನ್ ಕಾಲದ್ದು. ಟ್ರೈಲೊಬೈಟ್, ಕ್ರಿನಾಯ್ಡ್‌ಗಳ ಚೂರುಗಳು ಅದರಲ್ಲಿವೆ. ಶಿಖರದ ಕೆಳಗಿನ ಹಳದಿ ಪಟ್ಟಿ ಕಾವಿಗೆ ಸಿಕ್ಕಿ ಅಮೃತಶಿಲೆಯಾಗಿ ಮಾರ್ಪಟ್ಟ ಸುಣ್ಣಕಲ್ಲು. ಬರೀ ನೀರು ಏರಿ ಇಳಿದಿದ್ದರೆ ಕಲ್ಲು ಬೇಯುವುದಿಲ್ಲ, ಮಡಿಚುವುದಿಲ್ಲ.

ನೆಲ ಏರಿದ್ದನ್ನು ನಂಬಲು ಹಿಮಾಲಯಕ್ಕೇ ಹೋಗಬೇಕಿಲ್ಲ; ಯಶವಂತಪುರದ ಬದಿಯ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳ ಸಾಕು. 1990ರ ದಶಕದಿಂದ ಅಲ್ಲಿ ಜಿಪಿಎಸ್ ನೆಲೆಯೊಂದು ಕೆಲಸ ಮಾಡುತ್ತಿದೆ. ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯ ವಿನೋದ್ ಗೌರ್ ಮತ್ತಿತರರು, ಅಮೆರಿಕದ ರೋಜರ್ ಬಿಲ್ಹಮ್ ಮೊದಲಾದವರೊಂದಿಗೆ ಸೇರಿ ಇಂಥ ನೆಲೆಗಳಿಂದ ಭಾರತದ ಚಲನೆಯನ್ನು ಅಳೆದರು. ಬೆಂಗಳೂರು ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಅದರಲ್ಲಿ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯ ಕುಗ್ಗಿ, ಮಡಿಚಿ, ಮೇಲೆದ್ದು ನುಂಗಿಕೊಳ್ಳುತ್ತದೆ. ಸವೆತ ಕಳೆದು ವರ್ಷಕ್ಕೆ ಒಂದು ಮಿಲಿಮೀಟರ್ ಏರಿಕೆ ಉಳಿದರೂ ಒಂದು ಕೋಟಿ ವರ್ಷಕ್ಕೆ 10 ಕಿಲೋಮೀಟರ್ ಆಯಿತು. ಭಾರತ ಮತ್ತು ಏಷ್ಯಾ ಡಿಕ್ಕಿ ಹೊಡೆದು ಸುಮಾರು 5 ಕೋಟಿ ವರ್ಷವಾಗಿದೆ. ಲಡಾಖ್-ಝಂಸ್ಕಾರ್‌ನ ಪದರಗಳಲ್ಲಿ ಕಡಲ ಕುರುಹು ನಿಲ್ಲುವುದೂ ಹೆಚ್ಚುಕಡಿಮೆ ಆ ಕಾಲಕ್ಕೇ. ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಲಾವಾ ಭಾರತ ಮಡಗಾಸ್ಕರಿನಿಂದ ಬೇರ್ಪಟ್ಟ ಸುಮಾರು 8.8 ಕೋಟಿ ವರ್ಷದ ಹಿಂದಿನದು. ಇವೆಲ್ಲ ಬೇರೆ ಬೇರೆ ಜನ, ಬೇರೆ ಬೇರೆ ವಿಧಾನಗಳಿಂದ ತಲುಪಿದ ಉತ್ತರಗಳು. ಆದರೂ ಒಂದಕ್ಕೊಂದು ತಾಳೆಯಾಗುತ್ತವೆ.

ಅಷರನ ಲೆಕ್ಕದ ಪ್ರಳಯದಿಂದ ಇಲ್ಲಿಗೆ ಸುಮಾರು 4,370 ವರ್ಷ. ಇಂದಿನ ವೇಗದಲ್ಲಿ ಅಷ್ಟು ಕಾಲದಲ್ಲಿ ಬೆಂಗಳೂರು ಸರಿದಿರುವುದು ಹೆಚ್ಚೆಂದರೆ 220 ಮೀಟರ್. ನವರಂಗ್ ವೃತ್ತದ ಸಿಗ್ನಲ್‌ನಿಂದ ನಡೆದು ಹೊರಟವರು ಮೂರು ನಿಮಿಷದಲ್ಲಿ ಮುಗಿಸುವ ದೂರ ಅದು. ಅಷ್ಟರಲ್ಲಿ ಹಿಮಾಲಯ ಏಳದು.

ಸಾಲು ತಪ್ಪದ ಪಳೆಯುಳಿಕೆಗಳು

ಪಳೆಯುಳಿಕೆಗಳು ಪದರಗಳಲ್ಲಿ ಒಂದು ಕ್ರಮದಲ್ಲಿ ಇರುವುದನ್ನು ಪ್ರಳಯವಾದಿಗಳೂ ಒಪ್ಪುತ್ತಾರೆ. ಭಾರವಾದವು, ನಿಧಾನವಾದವು ಮೊದಲು ಮುಳುಗಿದವು. ಚುರುಕಾದವು ಓಡಿ ಗುಡ್ಡ ಹತ್ತಿ ಕೊನೆಗೆ ಮುಳುಗಿದವು ಎಂದು ಅವರ ವಿವರಣೆ. ಹಾಗಾದರೆ ಹೂಬಿಡುವ ಗಿಡಗಳ ಪರಾಗ ಕೆಳಪದರಗಳಲ್ಲಿ ಏಕಿಲ್ಲ? ಆಲದ ಮರ ಓಡಿ ಗುಡ್ಡ ಹತ್ತಲಿಲ್ಲ. ಈಜಬಲ್ಲ ಅಮೊನೈಟ್ ತಮಿಳುನಾಡಿನ ಅರಿಯಲೂರಿನ ಕ್ರಿಟೇಷಿಯಸ್ ಪದರಗಳಲ್ಲಿ ರಾಶಿರಾಶಿಯಾಗಿದ್ದು, ಅದರ ಮೇಲಿನ ಹೊಸ ಪದರಗಳಲ್ಲಿ ಜಗತ್ತಿನೆಲ್ಲೆಡೆ ಏಕಿಲ್ಲ? ತೆವಳುವ ಬಸವನಹುಳು ಮಾತ್ರ ಕೊನೆಯ ಪದರದವರೆಗೂ ಹೇಗೆ ಉಳಿಯಿತು?

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ನರ್ಮದಾ ಕಣಿವೆಯಿಂದ 2023ರಲ್ಲಿ ಸಂಶೋಧಕರು 92 ಡೈನೋಸಾರ್ ಗೂಡುಗಳನ್ನೂ 256 ಮೊಟ್ಟೆಗಳನ್ನೂ ವರದಿ ಮಾಡಿದರು. ಆ ಸೀಮೆಯಲ್ಲಿ ಗೂಡಿನ ಪದರಕ್ಕಿಂತ ಹಳೆಯ ಕಡಲ ಪದರಗಳು ಕೆಳಗಿವೆ. ದಖ್ಖನಿನ ಲಾವಾ ಮೇಲಿದೆ. ಪ್ರಳಯವಾದದಂತೆ ಇವೆಲ್ಲವೂ ಒಂದೇ ವರ್ಷದ್ದು. ಅಂದರೆ ಕಡಲು ಹೂಳು ಹಾಕಿಹೋದ ಮೇಲೆ, ಪ್ರಳಯ ಇನ್ನೂ ಮುಗಿಯುವ ಮುನ್ನ ಡೈನೋಸಾರ್‌ಗಳು ಹಿಂಡಾಗಿ ಬಂದು ಒಣನೆಲದಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟಿರಬೇಕು. ಅಲ್ಲಿನ ಕೆಲವು ಹಳ್ಳಿಗರು ಈ ಮೊಟ್ಟೆಗಳನ್ನು ಕುಲದೇವರೆಂದು ಪೂಜಿಸುತ್ತಿದ್ದರು. ಪೂಜೆಗೆ ಯಾವ ಅಡ್ಡಿಯೂ ಇಲ್ಲ. ಪ್ರಳಯದ ವಾದಕ್ಕೆ ಮಾತ್ರ ಅಡ್ಡಿಯಿದೆ.

ಪ್ರಳಯವಾದಿಗಳ ಸಮಜಾಯಿಷಿ

ನೀರಿನ ಲೆಕ್ಕದಿಂದ ಆರಂಭಿಸೋಣ. ಎವರೆಸ್ಟಿನ ತುದಿಯವರೆಗೆ ಭೂಮಿಯನ್ನು ಮುಳುಗಿಸಲು ಈಗಿರುವ ಕಡಲುಗಳ ಮೇಲೆ ಸುಮಾರು 450 ಕೋಟಿ ಘನ ಕಿಲೋಮೀಟರ್ ನೀರು ಬೇಕು. ಕಡಲು, ಹಿಮ, ಅಂತರ್ಜಲ ಎಲ್ಲ ಸೇರಿ ಭೂಮಿಯಲ್ಲಿರುವ ನೀರು ಸುಮಾರು 139 ಕೋಟಿ. ಗಾಳಿಯಲ್ಲಿನ ತೇವವೆಲ್ಲ ಮಳೆಯಾದರೆ ನಿಲ್ಲುವುದು ಎರಡೂವರೆ ಸೆಂಟಿಮೀಟರ್.

ಇದನ್ನು ತಿಳಿದೇ ಪ್ರಳಯವಾದಿಗಳು ಆಗ ಬೆಟ್ಟಗಳು ತಗ್ಗಾಗಿದ್ದವು, ಪ್ರಳಯದ ಕೊನೆಗೆ ಎದ್ದವು ಎನ್ನುತ್ತಾರೆ. ಅಲ್ಲಿಗೆ ಏರಿದ್ದು ನೆಲ ಎಂದು ಅವರೇ ಒಪ್ಪಿದಂತಾಯಿತು. ಇನ್ನುಳಿದದ್ದು ಎಷ್ಟು ಕಾಲದಲ್ಲಿ ಎಂಬ ಪ್ರಶ್ನೆ. ಖಂಡಗಳು ಸೆಕೆಂಡಿಗೆ ಮೀಟರ್‌ಗಳ ವೇಗದಲ್ಲಿ ಓಡಿದವು ಎಂಬ ಮಾದರಿಯನ್ನು ಜಾನ್ ಬಾಮ್‌ಗಾರ್ಡ್‌ನರ್ ಮುಂದಿಟ್ಟರು. ಅಂಥ ಓಟದ ಕಾವಿಗೆ ಕಡಲೇ ಕುದಿಯುತ್ತದೆ. ವಿಕಿರಣದ ವಯಸ್ಸುಗಳನ್ನು ಅಲ್ಲಗಳೆಯಲು ಅಮೆರಿಕದ ಸೃಷ್ಟಿವಾದಿ ಸಂಸ್ಥೆಯೊಂದು 1997ರಿಂದ 2005ರವರೆಗೆ ‘ರೇಟ್’ ಎಂಬ ಯೋಜನೆ ನಡೆಸಿತು. ಇಂದಿನ ವೇಗದಲ್ಲಿ ಹತ್ತಾರು ಕೋಟಿ ವರ್ಷ ಹಿಡಿಯುವಷ್ಟು ವಿಕಿರಣ ಕ್ಷಯ ಕಲ್ಲುಗಳಲ್ಲಿ ನಡೆದಿದೆ ಎಂದು ಅದೇ ತಂಡ ಒಪ್ಪಿತು. ಅದೆಲ್ಲ ಅತಿವೇಗವಾಗಿ ನಡೆಯಿತು ಎಂದರೆ ಹುಟ್ಟುವ ಕಾವು ಎಲ್ಲಿ ಹೋಯಿತು ಎಂಬುದು ಬಗೆಹರಿಯದ ಸಮಸ್ಯೆ ಎಂದೂ ಬರೆದುಕೊಂಡಿತು. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಪದರಗಳು ಬೇಗನೆ ಆಗಬಲ್ಲವು ಎಂಬ ಮಾತಿನಲ್ಲಿ ಹುರುಳಿದೆ. 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಗಂಟೆಗಳಲ್ಲಿ ಬೂದಿಪದರಗಳು ಕೂಡಿದವು. ಆದರೆ ಬೂದಿಯ ಪದರ ಬೇಗ ಕೂಡುತ್ತದೆ ಎಂದರೆ ಸುಣ್ಣಕಲ್ಲೂ ಹಾಗೇ ಕೂಡಿತು ಎಂದಲ್ಲ. ಮಹಾಪ್ರವಾಹಗಳನ್ನು ಭೂವಿಜ್ಞಾನ ಕಣ್ಣುಮುಚ್ಚಿ ತಳ್ಳಿಹಾಕುತ್ತದೆ ಎಂಬ ದೂರು ನಿಜವಲ್ಲ. ವಾಷಿಂಗ್ಟನ್ ರಾಜ್ಯದ ಕೊರಕಲು ನೆಲ ಒಂದು ದೈತ್ಯ ಪ್ರವಾಹದ ಕೆಲಸ ಎಂದು ಜೆ. ಹಾರ್ಲೆನ್ ಬ್ರೆಟ್ಜ್ 1923ರಲ್ಲಿ ಹೇಳಿದಾಗ ಹಿರಿಯರು ಒಪ್ಪಲಿಲ್ಲ. ಸಾಕ್ಷ್ಯ ಕೂಡುತ್ತ ಹೋದಂತೆ ಒಪ್ಪಿದರು. 1979ರಲ್ಲಿ ಅವರಿಗೆ ಪೆನ್ರೋಸ್ ಪದಕ ಕೊಟ್ಟರು. ಪುದುಚೇರಿ ಬಳಿಯ ತಿರುವಕ್ಕರೈನಲ್ಲಿ ಕಲ್ಲಾಗಿ ಮಲಗಿರುವ ಮರಗಳಿಗೆ ಬೇರು-ಕೊಂಬೆಗಳಿಲ್ಲ; ಅವು ನೀರಿನಲ್ಲಿ ತೇಲಿಬಂದವು ಎಂದು ಭೂವಿಜ್ಞಾನಿಗಳೇ ಹೇಳುತ್ತಾರೆ.

ಪ್ರವಾಹ ಏನನ್ನು ಬಿಟ್ಟುಹೋಗುತ್ತದೆ ಎಂದು ಪಶ್ಚಿಮ ಬೆಂಗಳೂರಿಗರಿಗೆ ಗೊತ್ತು. 2017ರ ಅಕ್ಟೋಬರಿನ ಮಳೆಗೆ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಪ್ರಾಣಹಾನಿಯೇ ಆಯಿತು. ವೃಷಭಾವತಿ ಉಕ್ಕಿದ ಮರುದಿನ ಮನೆಯಂಗಳದಲ್ಲಿ ಉಳಿಯುವುದು ಎಲ್ಲ ಕಲಸಿಹೋದ ಒಂದು ರಾಡಿ. ಜೀವಿಗಳನ್ನು ಕಾಲಾನುಕ್ರಮವಾಗಿ ಜೋಡಿಸಿ, ನಡುನಡುವೆ ಕೆರೆ ಕಟ್ಟಿಸಿ, ಗೂಡು ಕಟ್ಟಿಸಿ, ಪಾಚಿ ಬೆಳೆಸಿ ಹೋಗುವ ಪ್ರವಾಹವನ್ನು ಯಾರೂ ಕಂಡಿಲ್ಲ.

ತರಗತಿಗೆ ಬೇಕಾದ ಪಾಠ

ಒಟ್ಟಿನಲ್ಲಿ ಲೆಕ್ಕ ಹೀಗೆ. ಪ್ರಳಯವಾದ ಪ್ರತಿ ಕಲ್ಲಿಗೂ ಒಂದೊಂದು ಹೊಸ ಸಮಜಾಯಿಷಿ ಹುಡುಕಬೇಕಾಗುತ್ತದೆ: ರಾಜಾಜಿನಗರದಲ್ಲಿ ಹೂಳು ತೊಳೆದುಹೋಯಿತು, ಎವರೆಸ್ಟಿನಲ್ಲಿ ಉಳಿಯಿತು, ಗುರುಮಠಕಲ್‌ನಲ್ಲಿ ಕೆರೆ ಒಂದೇ ವಾರದಲ್ಲಿ ಆಯಿತು, ಧಾರ್‌ನಲ್ಲಿ ಡೈನೋಸಾರ್ ಅವಸರದಲ್ಲಿ ಮೊಟ್ಟೆ ಇಟ್ಟಿತು. ನೆಲ ಏರಿತು ಎಂಬ ಒಂದೇ ವಿವರಣೆಗೆ ಇವೆಲ್ಲವೂ ತಾವಾಗಿಯೇ ಹೊಂದುತ್ತವೆ. ಅದರ ವೇಗವನ್ನು ಇಂದೇ ಅಳೆಯಲೂಬಹುದು. ಈ ತೀರ್ಪು ದೇವರ ಇರವಿನ ಬಗ್ಗೆ ಅಲ್ಲ. ಕಲ್ಲಿನ ಬಗ್ಗೆ ಮಾತ್ರ.

ವಿಷಯ ಕೇವಲ ವಿದ್ವಾಂಸರದಲ್ಲ. 2018ರಲ್ಲಿ ಕೇಂದ್ರ ಸಚಿವರೊಬ್ಬರು ವಿಕಾಸವಾದ ತಪ್ಪೆಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಅಲ್ಲಗಳೆದವು. 2023ರ ಹೊತ್ತಿಗೆ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಗಿತ್ತು. ಭೂವಿಜ್ಞಾನವಂತೂ ನಮ್ಮ ಶಾಲೆಗಳಲ್ಲಿ ಸಮಾಜ ಪಾಠದ ಮೂಲೆಯಲ್ಲಿದೆ. ಬಿ.ಪಿ. ರಾಧಾಕೃಷ್ಣರಂಥವರು ಮುಂದಾಗಿ 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದ ಊರು ಇದು. ಜ್ಞಾನಭಾರತಿಯಲ್ಲಿ ಭೂವಿಜ್ಞಾನ ವಿಭಾಗವಿದೆ, ಟಿ.ಆರ್. ಅನಂತರಾಮು ಅವರಂಥ ಭೂವಿಜ್ಞಾನಿಗಳು ಕನ್ನಡದಲ್ಲಿ ಬರೆದ ಪುಸ್ತಕಗಳಿವೆ. ಕೊರತೆ ಇರುವುದು ಮಕ್ಕಳನ್ನು ಬಂಡೆಯ ಹತ್ತಿರ ಕರೆದೊಯ್ಯುವವರದು.

ಬಂಡೆಗಳೂ ಕಾಯುತ್ತ ಕೂರುವುದಿಲ್ಲ. ಬಡಾವಣೆ, ರಸ್ತೆ, ಜಲ್ಲಿಗಾಗಿ ಪಶ್ಚಿಮ ಬೆಂಗಳೂರಿನ ಎಷ್ಟೋ ಗುಡ್ಡಗಳನ್ನು ಸಿಡಿಸಿ ಸಮ ಮಾಡಿದ್ದೇವೆ. ಭೂಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಮಸೂದೆಯ ಕರಡನ್ನು ಪ್ರಕಟಿಸಿತ್ತು. ಕಾಯಿದೆಗಾಗಿ ಕಾಯದೆ ನಾವೇ ಮಾಡಬಹುದಾದ ಕೆಲಸವಿದೆ. ಬಡಾವಣೆಯ ನಿವಾಸಿ ಸಂಘಗಳು ತಮ್ಮ ಸುತ್ತ ಉಳಿದಿರುವ ಬಂಡೆಗಳನ್ನು ಪಟ್ಟಿ ಮಾಡಲಿ, ಅವುಗಳ ಬದಿಯಲ್ಲಿ ವಯಸ್ಸು ಬರೆದ ಕನ್ನಡ ಫಲಕ ನಿಲ್ಲಿಸಲಿ. ಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆತರಲಿ. ವಾಟ್ಸಾಪಿನ ಚಿಪ್ಪಿಗೆ ಉತ್ತರ ಕೊಡುವುದನ್ನು ಮಕ್ಕಳು ಆಮೇಲೆ ತಾವೇ ಕಲಿಯುತ್ತಾರೆ.